ಗೂಗಲ್ ಯಾತ್ರೆಯೂ ಬಾಯ ಕಂಪೂ

ಗೂಗಲ್ಲಿಗೆ ಒಮ್ಮೆ ಹೋಗಿಬರಬೇಕೆಂದು ನಮಗೆ ಬಹುದಿನಗಳಿಂದ ಆಶೆಯಿದ್ದಿತು. ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣಾನದಿಯ ದಕ್ಷಿಣದ ದಡದಲ್ಲಿ ಈ ಹಳ್ಳಿಯಿರುವುದು. ಹೆಸರನ್ನು ಕೇಳಿದೊಡನೆ ಈಗಿನ ಮಕ್ಕಳು ನಗುವರು. ಅವರಿಗೆ ಅದು ಕೈಯಲ್ಲಿ ಹಿಡಿದ ಯಂತ್ರದೊಳಗಿನ ಸರ್ವಜ್ಞನ ಹೆಸರು. ನಮ್ಮ ಕಡೆಯವರಿಗಾದರೋ ಗೂಗಲ್ಲೆಂದರೆ ಅಲ್ಲಮಪ್ರಭುಗಳ ಗುಡಿ, ಹೊಳೆಯ ದಂಡೆ, ಈಚಿನ ವರ್ಷಗಳಲ್ಲಿ ಹೊಳೆಗೆ ಅಡ್ಡಲಾಗಿ ಎದ್ದಿರುವ ಸೇತುವೆಸಹಿತವಾದ ಒಡ್ಡು. ಇವೆಲ್ಲಕ್ಕೂ ಮಿಗಿಲಾಗಿ ನಮ್ಮನ್ನು ಅತ್ತ ಎಳೆದುದು ಒಬ್ಬ ಹಳೆಯ ಶಿಷ್ಯನ ಕರೆ. ನಮ್ಮಲ್ಲಿ ಓದಿ, ಊರಿಗೆ ಮರಳಿ, ಒಕ್ಕಲುತನ ಮಾಡಿಕೊಂಡಿರುವ ಆತನು ನಾವು ನಿವೃತ್ತರಾದ ಸುದ್ದಿ ತಿಳಿದು, ಒಂದು ದಿನವಾದರೂ ಬಂದು ತನ್ನ ಮನೆಯಲ್ಲಿ ಊಟ ಮಾಡಬೇಕೆಂದು ಹೇಳಿಕಳುಹಿಸಿದ್ದನು.

ದಸರೆಯ ರಜೆಗೆಂದು ಬೆಂಗಳೂರಿನಿಂದ ಬಂದಿದ್ದ ನಮ್ಮ ಮೊಮ್ಮಗನು ತಾನೂ ಬರುವೆನೆಂದು ಹಟ ಹಿಡಿದನು. ಹನ್ನೊಂದು ವರ್ಷದ ಹುಡುಗ. ಕೇಳಿದ ಪ್ರಶ್ನೆಯನ್ನು ಉತ್ತರ ಸಿಗುವ ತನಕ ಬಿಡುವವನಲ್ಲ. ಹೀಗೆ ತಾತ ಮೊಮ್ಮಕ್ಕಳಿಬ್ಬರೂ ಬೆಳಗಿನ ಬಸ್ಸಿನಲ್ಲಿ ರಾಯಚೂರನ್ನು ಬಿಟ್ಟೆವು. ಇಕ್ಕೆಲದ ಎರೆಯ ಹೊಲಗಳಲ್ಲಿ ಹತ್ತಿಯ ಕಾಯಿ ಒಡೆಯತೊಡಗಿದ್ದಿತು. ತೊಗರಿ ಎದೆಯುದ್ದ ನಿಂತಿದ್ದಿತು. ಕಾಲುವೆಯ ನೀರು ಮುಟ್ಟಿದಲ್ಲೆಲ್ಲ ಬತ್ತದ ಹಸುರು ಕಣ್ಣು ತುಂಬುತ್ತಿದ್ದಿತು. ಕೃಷ್ಣೆ ತುಂಗಭದ್ರೆಗಳ ನಡುವಣ ಈ ಸೀಮೆಯನ್ನು ಬರಿಯ ಬಿಸಿಲ ನಾಡೆಂದು ತಿಳಿದವರು ಈ ಕಾಲದಲ್ಲಿ ಒಮ್ಮೆ ಬಂದು ನೋಡಬೇಕು.

ಗಬ್ಬೂರಿನಲ್ಲಿ ಬಸ್ಸು ನಿಂತಾಗ ಹುಡುಗನು ಫಲಕವನ್ನೋದಿ, ಮೂಗು ಹಿಡಿದುಕೊಂಡು ನಕ್ಕನು. ಗಬ್ಬೆಂದರೆ ನಾತವೆಂದು ಅವನು ಬಲ್ಲನು. "ಹಳೆಯ ದೇವಾಲಯಗಳಿಗೂ ಶಾಸನಗಳಿಗೂ ಹೆಸರಾದ ಊರಿದು; ಹೆಸರಿನಿಂದ ನಾತವನ್ನು ಊಹಿಸಬಾರದು" ಎಂದು ನಾವು ಗದರಿದೆವು. ಕಂಪಿನಿಂದ ಶುದ್ಧಿಯನ್ನೂ ಊಹಿಸಬಾರದೆಂಬ ಪಾಠವನ್ನು ಅದೇ ದಿನ ನಾವೇ ಕಲಿಯಬೇಕಾದೀತೆಂದು ಆಗ ತಿಳಿದಿರಲಿಲ್ಲ.

ನಮ್ಮ ಜೇಬಿನಲ್ಲಿ ಸದಾ ಒಂದು ಚಿಕ್ಕ ಹಿತ್ತಾಳೆಯ ಡಬ್ಬಿಯಿರುವುದು. ನಮ್ಮ ತಂದೆಯವರದು. ಅದರಲ್ಲಿ ನಾಲ್ಕಾರು ಲವಂಗ, ಒಂದಷ್ಟು ಯಾಲಕ್ಕಿ. ಪಾಠ ಹೇಳುತ್ತಿದ್ದ ಮೂರು ದಶಕಗಳಿಗೂ ಮಿಕ್ಕ ಕಾಲವೆಲ್ಲ ತರಗತಿಯ ಹೊಸ್ತಿಲನ್ನು ದಾಟುವ ಮೊದಲು ಒಂದು ಲವಂಗವನ್ನು ದವಡೆಗೆ ಇಟ್ಟುಕೊಳ್ಳುವುದು ನಮ್ಮ ನಿಯಮವಾಗಿದ್ದಿತು. ಮಕ್ಕಳ ಹತ್ತಿರ ಬಗ್ಗಿ ತಿದ್ದಬೇಕಾದವನ ಬಾಯಿ ಕಂಪಾಗಿರಬೇಕೆಂಬುದು ತಂದೆಯವರ ಉಪದೇಶ. ಗಬ್ಬೂರನ್ನು ದಾಟಿದ ಮೇಲೆ ಡಬ್ಬಿಯನ್ನು ತೆರೆದು ಹುಡುಗನಿಗೂ ಒಂದು ಲವಂಗವನ್ನು ನೀಡಿದೆವು. ಅವನು ಮೂಸಿನೋಡಿ ಹಿಂದಕ್ಕೆ ಸರಿದನು.

"ತಾತಾ, ಇದು ಹಲ್ಲಿನ ಡಾಕ್ಟರ ವಾಸನೆ! ನನಗೆ ಬೇಡ."

ಹೀಗೆಂದು ತನ್ನ ಜೇಬಿನಿಂದ ಪೆಪ್ಪರಮಿಂಟಿನ ಅಗಿಯುವ ಗೋಂದನ್ನು ತೆಗೆದು ಬಾಯಿಗೆ ಹಾಕಿಕೊಂಡು, "ಬಾಯಿ ಸ್ವಚ್ಛ ಆಗೋದು ಇದರಿಂದ" ಎಂದನು. ನಮಗೆ ಸ್ವಲ್ಪ ನೋವಾಯಿತೆಂದು ಒಪ್ಪಿಕೊಳ್ಳುತ್ತೇವೆ. ನಮ್ಮ ತಂದೆಯವರ ತೊಡೆಯ ಮೇಲೆ ಕುಳಿತು ಶಬ್ದಮಂಜರಿಯನ್ನು ಉರುಹೊಡೆದಾಗ ನಮ್ಮ ಮುಖಕ್ಕೆ ತಾಕುತ್ತಿದ್ದ ಉಸಿರು ಲವಂಗದ ಉಸಿರು. ವಾತ್ಸಲ್ಯಕ್ಕೆ ಒಂದು ವಾಸನೆಯಿದ್ದರೆ ನಮ್ಮ ಪಾಲಿಗೆ ಅದೇ. ಆ ಪರಿಮಳವು ಈ ಹುಡುಗನಿಗೆ ಹಲ್ಲು ಕೊರೆಯುವ ಯಂತ್ರದ ಸದ್ದನ್ನು ನೆನಪಿಗೆ ತಂದಿತಲ್ಲ! ನಮಗಾದರೋ ಪುದೀನದ ವಾಸನೆಯೆಂದರೆ ಚಟ್ನಿ. ಅದನ್ನು ಬಾಯಿಯ ಶುದ್ಧಿಯೊಂದಿಗೆ ಕೂಡಿಸಲು ನಮ್ಮ ಮೂಗು ಎಂದಿಗೂ ಒಪ್ಪಿರಲಿಲ್ಲ.

ಗೂಗಲ್ಲನ್ನು ಮುಟ್ಟಿದಾಗ ಬಿಸಿಲೇರಿದ್ದಿತು. ಮೊದಲು ಗುಡಿಗೆ ಹೋದೆವು. ಅಲ್ಲಮಪ್ರಭುಗಳು ಇಲ್ಲಿಯ ಗವಿಯಲ್ಲಿ ತಂಗಿದ್ದರೆಂದೂ, ಗವಿ ಕಲ್ಲು ಎಂಬ ಮಾತೇ ಸವೆದು ಗೂಗಲ್ ಆಯಿತೆಂದೂ ಆ ಕಡೆಯ ಜನ ಹೇಳುವುದುಂಟು. ಸಂಸ್ಕೃತದ ಗೀಳು ಹಿಡಿದ ನಮ್ಮ ಕಿವಿಗೆ ಮಾತ್ರ ಆ ಹೆಸರಿನಲ್ಲಿ ಗುಗ್ಗುಲುವೇ ಕೇಳಿಸುತ್ತದೆ. ಒಣನೆಲದ ಮುಳ್ಳುಗಿಡವೊಂದು ಸುರಿಸುವ ಆ ಅಂಟನ್ನು ಕೆಂಡದ ಮೇಲೆ ಹಾಕಿದರೆ ಏಳುವ ಹೊಗೆ ಯಾವ ಗುಡಿಯನ್ನೂ ಗುಡಿಯಾಗಿಸುವುದು. ಇದು ನಮ್ಮ ವಿನೋದವೇ ಹೊರತು ವ್ಯುತ್ಪತ್ತಿಯಲ್ಲ. ವಾಚಕರು ಇದನ್ನು ಎಲ್ಲಿಯೂ ಎತ್ತಿ ಹೇಳಬಾರದು. ಅಂದು ಗುಡಿಯಲ್ಲಿ ಧೂಪದ ಹೊಗೆ ಕಟ್ಟಿದ್ದಿತು. ಹುಡುಗನು ಕಣ್ಣು ಮುಚ್ಚಿ ಉಸಿರೆಳೆದು, "ದೇವರ ವಾಸನೆ" ಎಂದನು. ದೇವರಿಗೂ ಹಲ್ಲಿನ ವೈದ್ಯನಿಗೂ ಅವನು ಒಂದೊಂದು ವಾಸನೆಯನ್ನು ಹಂಚಿಕೊಟ್ಟಿದ್ದನು.

ಹೊಳೆಯ ದಡದಲ್ಲಿ ನೆರಳು ಹುಡುಕಿ ಕುಳಿತೆವು. ನೀರು ಮಂದವಾಗಿ ಮೂಡಣಕ್ಕೆ ಹರಿಯುತ್ತಿದ್ದಿತು. ಆಚೆಯ ದಡ ಯಾದಗಿರಿ ಜಿಲ್ಲೆಯದು. ಹುಡುಗನು ತಕರಾರನ್ನು ಮತ್ತೆ ತೆಗೆದನು: "ನಿಮ್ಮದು ಲವಂಗ, ನನ್ನದು ಪೆಪ್ಪರಮಿಂಟು. ನಿಜವಾಗಿ ಸ್ವಚ್ಛವಾದ ಬಾಯಿಗೆ ಯಾವ ವಾಸನೆ ಇರುತ್ತೆ ತಾತಾ?"

ಪ್ರಶ್ನೆ ಚಿಕ್ಕದು, ಆದರೆ ಯೋಚಿಸುತ್ತ ಹೋದಂತೆ ನಾವು ಬೆರಗಾದೆವು. ಸ್ವಚ್ಛವಾದ ನೀರಿಗೆ ಹೇಗೆ ರುಚಿಯಿಲ್ಲವೋ ಸ್ವಚ್ಛವಾದ ಬಾಯಿಗೂ ಹಾಗೆಯೇ ಹೆಚ್ಚಿನ ವಾಸನೆಯೇನೂ ಇಲ್ಲ. ಹಾಗಿದ್ದರೆ ಕೆಲವು ಕಂಪುಗಳು ಮಾತ್ರ ಶುದ್ಧಿಯ ಗುರುತೆಂದು ಏಕೆ ಎಣಿಸಲ್ಪಟ್ಟವು? ಅಂದು ನಾವು ಹುಡುಗನಿಗೆ ಹೇಳಿದುದನ್ನೂ ಆಮೇಲೆ ಓದಿ ತಿಳಿದುದನ್ನೂ ಕೂಡಿಸಿ ಇಲ್ಲಿ ವಾಚಕರ ಮುಂದಿಡುತ್ತೇವೆ.

ನಮ್ಮ ಹಿರಿಯರು ಈ ವಿಷಯವನ್ನು ಲಘುವಾಗಿ ಎಣಿಸಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ದಿನಚರ್ಯೆಯನ್ನು ಹೇಳುವ ಭಾಗವಿದೆ. ಹೊಂಗೆ, ಕಣಗಿಲೆ, ಎಕ್ಕ, ಮತ್ತಿ ಮೊದಲಾದವುಗಳ ಕಡ್ಡಿಯಿಂದ ಹಲ್ಲುಜ್ಜಬೇಕೆಂದು ಅಲ್ಲಿ ಮೊದಲು ಹೇಳಿದೆ. ಬಳಿಕ ಚಿನ್ನ, ಬೆಳ್ಳಿ, ತಾಮ್ರ, ತವರ, ಹಿತ್ತಾಳೆ ಇವುಗಳಲ್ಲೊಂದರಿಂದ ಮಾಡಿದ, ಹರಿತವಲ್ಲದ ಬಾಗಿದ ಪಟ್ಟಿಯಿಂದ ನಾಲಿಗೆಯನ್ನು ಕೆರೆಯಬೇಕು. ನಾಲಿಗೆಯ ಬುಡದಲ್ಲಿ ಕೂತ ಕೊಳೆಯಿಂದಲೇ ದುರ್ಗಂಧವುಂಟಾಗುವುದೆಂದು ಕಾರಣವನ್ನೂ ಕೊಟ್ಟಿದೆ. ಇಷ್ಟಾದ ಮೇಲೆಯೇ ಜಾಜಿಕಾಯಿ, ಅಡಿಕೆ, ಲವಂಗ, ಎಳೆಯ ವೀಳ್ಯದೆಲೆ, ಕರ್ಪೂರ, ಸಣ್ಣ ಯಾಲಕ್ಕಿ ಇವನ್ನು ಬಾಯಿಯಲ್ಲಿಟ್ಟುಕೊಳ್ಳಬಹುದೆಂಬ ಮಾತು ಬರುವುದು. ವಾಚಕರು ಈ ಕ್ರಮವನ್ನು ಗಮನಿಸಬೇಕು. ಮೊದಲು ಹಲ್ಲು, ಆಮೇಲೆ ನಾಲಿಗೆ, ಕಟ್ಟಕಡೆಗೆ ಕಂಪು. ನಾವು ಈ ಅಧ್ಯಾಯವನ್ನು ಯೌವನದಲ್ಲಿಯೇ ಓದಿದ್ದೆವು. ಆದರೆ ಕೊನೆಯ ಮಾತನ್ನಷ್ಟೇ ಜೇಬಿಗೆ ಹಾಕಿಕೊಂಡಿದ್ದೆವೆಂದು ಈಗ ತೋರುತ್ತದೆ.

ಕಂಪು ಕೇವಲ ಆರೋಗ್ಯದ ವಿಷಯವಾಗಿ ಉಳಿಯಲಿಲ್ಲ. ಅದು ಮರ್ಯಾದೆಯೂ ಆಯಿತು. ಅಲ್ಲಮಪ್ರಭುಗಳಿದ್ದ 12ನೆಯ ಶತಮಾನದಲ್ಲಿಯೇ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವೆಂಬ ದೊಡ್ಡ ಗ್ರಂಥವನ್ನು ರಚಿಸಿದನು. ಅದರಲ್ಲಿ ಅರಸನ ಭೋಗಗಳನ್ನೆಣಿಸುವಾಗ ತಾಂಬೂಲಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದ್ದಾನೆ. ಆ ಕಾಲಕ್ಕೆ ಲವಂಗವು ಸುಲಭದ ವಸ್ತುವಾಗಿರಲಿಲ್ಲ. ಭೂಮಂಡಲದಲ್ಲೆಲ್ಲ ಮೊಲುಕ್ಕಾ ಎಂಬ ಪೂರ್ವಸಮುದ್ರದ ಕೆಲವು ಪುಟ್ಟ ದ್ವೀಪಗಳಲ್ಲಿ ಮಾತ್ರ ಆ ಮರ ಬೆಳೆಯುತ್ತಿದ್ದಿತು. 18ನೆಯ ಶತಮಾನದಲ್ಲಿ ಫ್ರೆಂಚರು ಸಸಿಗಳನ್ನು ಮಾರಿಷಸ್ಸಿಗೆ ಒಯ್ದ ಮೇಲಷ್ಟೇ ಅದು ಬೇರೆಡೆಗೆ ಹಬ್ಬಿದುದು. ಹಡಗೇರಿ ಬಂದ ಲವಂಗದ ಕಂಪು ಯಾರ ಉಸಿರಿನಲ್ಲಿದ್ದಿತೋ ಆತನು ಉಳ್ಳವನು, ಸಭೆಗೆ ಸಲ್ಲುವವನು ಎಂದರ್ಥ.

ಚೀನಾದೇಶದಲ್ಲಿಯೂ ಹೀಗೆಯೇ. ಹಾನ್ ಅರಸರ ಕಾಲದಲ್ಲಿ ಚಕ್ರವರ್ತಿಯೊಡನೆ ಮಾತನಾಡುವ ಅಧಿಕಾರಿಗಳು ಬಾಯಿಯಲ್ಲಿ ಲವಂಗವಿಟ್ಟುಕೊಳ್ಳುವ ಪದ್ಧತಿಯಿದ್ದಿತು. ಆ ನಾಡಿನಲ್ಲಿ ಒಂದು ಹಳೆಯ ಕಥೆಯನ್ನು ಹೇಳುವರು. ಎರಡನೆಯ ಶತಮಾನದಲ್ಲಿ ಹುವಾನ್ ಎಂಬ ಚಕ್ರವರ್ತಿಯ ಆಸ್ಥಾನದಲ್ಲಿ ಬಾಯಿ ನಾರುತ್ತಿದ್ದ ವೃದ್ಧ ಅಧಿಕಾರಿಯೊಬ್ಬನಿದ್ದನು. ಅರಸನು ಅವನಿಗೆ ಒಂದು ಲವಂಗವನ್ನು ಕೊಟ್ಟು ಬಾಯಿಗೆ ಹಾಕಿಕೊಳ್ಳೆಂದನು. ಎಂದೂ ಅದನ್ನು ಕಾಣದ ಮುದುಕನು ಆ ಖಾರಕ್ಕೆ ನಾಲಿಗೆ ಸುಟ್ಟಂತಾಗಿ, ತನ್ನಿಂದೇನೋ ಅಪರಾಧವಾಗಿ ದೊರೆ ವಿಷವಿಕ್ಕಿದನೆಂದು ಬಗೆದು, ಮನೆಗೆ ಹೋಗಿ ಹೆಂಡಿರುಮಕ್ಕಳ ಬಳಿ ಬೀಳ್ಕೊಂಡನಂತೆ. ಮನೆಯಲ್ಲಿ ಗೋಳು ತುಂಬಿತು. ಗೆಳೆಯರು ಬಂದು ಬಾಯಿ ತೆರೆಸಿ ನೋಡಿದಾಗ ಅದು ಪರಿಮಳದ್ರವ್ಯ! ಈ ಕಥೆಗೆ ನಮ್ಮ ಹುಡುಗನು ಹೊಟ್ಟೆ ಹಿಡಿದು ನಕ್ಕನು. ಆದರೆ ಒಂದು ಮಾತಿದೆ: ಅದೇ ಲವಂಗ ಅರಸನಿಗೆ ಸಭ್ಯತೆ, ಮುದುಕನಿಗೆ ಮೃತ್ಯು. ಕಂಪು ಒಂದೇ, ಅದಕ್ಕೆ ಅಂಟಿದ ನೆನಪು ಬೇರೆ.

ನಮ್ಮ ಹುಡುಗನ ಮಾತೂ ಸುಳ್ಳಲ್ಲ. ಲವಂಗದ ಕಂಪಿಗೆ ಕಾರಣವಾದ ಎಣ್ಣೆಯಲ್ಲಿ ಯೂಜಿನಾಲ್ ಎಂಬ ಸಾರವಿದೆ. ಅದು ನೋವನ್ನು ಜೋಮುಗಟ್ಟಿಸುತ್ತದೆ, ಕ್ರಿಮಿಗಳನ್ನು ತಡೆಯುತ್ತದೆ. ಆದುದರಿಂದಲೇ ಹಲ್ಲಿನ ವೈದ್ಯರು ಹುಳುಕು ಹಲ್ಲಿಗೆ ತಾತ್ಕಾಲಿಕವಾಗಿ ತುಂಬುವ ಮದ್ದಿನಲ್ಲಿ ಅದನ್ನು ಬೆರಸುವರು. ವೈದ್ಯಶಾಲೆಯ ವಾಸನೆಯೆಂದು ಮಕ್ಕಳು ಹೆದರುವುದು ಇದಕ್ಕೇ. 1998ರಲ್ಲಿ ಫ್ರಾನ್ಸಿನ ಸಂಶೋಧಕರು ಪರೀಕ್ಷಿಸಿ ನೋಡಿದಾಗ, ಹಲ್ಲಿನ ಚಿಕಿತ್ಸೆಗೆ ಅಂಜುವವರಿಗೆ ಈ ವಾಸನೆ ಅಹಿತವೆಂದೂ ಅಂಜದವರಿಗೆ ಹಿತವೆಂದೂ ಕಂಡುಬಂದಿತು.

ಇನ್ನೊಂದು ನಿದರ್ಶನವನ್ನು ನಮ್ಮ ಗೃಹಿಣಿಯರೆಲ್ಲ ಬಲ್ಲರು. ಮೈಕೈ ನೋವಿಗೆ ಹಚ್ಚುವ ಮುಲಾಮುಗಳಲ್ಲಿ ವಿಂಟರ್‌ಗ್ರೀನ್ ಎಂಬ ಎಣ್ಣೆಯ ಘಾಟು ಇರುವುದಷ್ಟೆ? ಅದನ್ನು ಮೂಸಿದರೆ ನಮಗೆ ಮುದುಕರ ಮಂಡಿನೋವು ನೆನಪಾಗುತ್ತದೆ. ಬ್ರಿಟನ್ನಿನವರಿಗೂ ಹಾಗೆಯೇ, ಕಳೆದ ಶತಮಾನದ ಅರುವತ್ತರ ದಶಕದ ಪರೀಕ್ಷೆಯೊಂದರಲ್ಲಿ ಅವರು ಅದನ್ನು ಹಿತವಲ್ಲದ ವಾಸನೆಗಳ ಸಾಲಿಗೆ ಸೇರಿಸಿದರು. ಅಮೆರಿಕದಲ್ಲಾದರೋ ಮಿಠಾಯಿಗೂ ಅಗಿಯುವ ಗೋಂದಿಗೂ ಅದನ್ನು ಬೆರಸುವರು. ಅಲ್ಲಿಯವರಿಗೆ ಅದು ಬಲು ಹಿತ. ಅಲ್ಲಿಯ ಮಗುವಿಗೆ ಬಾಯ ಕಂಪು, ಇಲ್ಲಿಯ ಮಗುವಿಗೆ ಅಜ್ಜಿಯ ಮಂಡಿ!

ಪೆಪ್ಪರಮಿಂಟಿನ ಮಹಿಮೆಗೆ ಮತ್ತೊಂದು ಕಾರಣವೂ ಇದೆ. ಅದರ ಸತ್ತ್ವವಾದ ಮೆಂಥಾಲು ಬಾಯನ್ನು ತಣ್ಣಗೆ ಮಾಡುವುದೆಂದು ತೋರುತ್ತದೆ, ನಿಜವಾಗಿ ಮಾಡುವುದಿಲ್ಲ. ಚಳಿಯನ್ನು ತಿಳಿಸುವ ನರಗಳ ಬಾಗಿಲನ್ನು ಅದು ಸುಳ್ಳುಸುಳ್ಳೇ ತಟ್ಟುತ್ತದೆ. ಆ ಬಾಗಿಲನ್ನು 2002ರಲ್ಲಿ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಪೌಟಿಯನ್ ಎಂಬಿಬ್ಬರು ಬೇರೆ ಬೇರೆಯಾಗಿ ಕಂಡುಹಿಡಿದರು. ಇಂತಹ ಶೋಧನೆಗಳಿಗಾಗಿ 2021ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ತಣ್ಣನೆಯ ನೀರಿನಿಂದ ಮುಖ ತೊಳೆದಾಗ ಆಗುವ ಹಿತವನ್ನೇ ಮೆಂಥಾಲು ಬಾಯಿಗೆ ಉಂಟುಮಾಡುವುದರಿಂದ, ತಂಪಾದದ್ದೆಲ್ಲ ತೊಳೆದದ್ದೆಂದು ನಾವು ಮೋಸಹೋಗುತ್ತೇವೆ. ಇದಕ್ಕೆ ವ್ಯಾಪಾರಿಗಳ ಜಾಣತನವೂ ಸೇರಿತು. ಲಿಸ್ಟರಿನ್ ಎಂಬ ದ್ರವವು 1879ರಲ್ಲಿ ಹುಟ್ಟಿದ್ದು ಶಸ್ತ್ರಚಿಕಿತ್ಸೆಯಲ್ಲಿ ಕ್ರಿಮಿನಾಶಕ್ಕಾಗಿ. 1920ರ ದಶಕದಲ್ಲಿ ಅದನ್ನು ಮಾರುವವರು ಬಾಯಿಯ ದುರ್ವಾಸನೆಗೆ ರೋಗದಂತೆ ಕೇಳಿಸುವ ಒಂದು ದೊಡ್ಡ ಹೆಸರನ್ನು ಹೆಕ್ಕಿ ತೆಗೆದು, ಅದರಿಂದ ಮದುವೆಗಳೇ ಮುರಿಯುವುವೆಂದು ಪತ್ರಿಕೆಗಳಲ್ಲಿ ಸಾರಿದರು. ಹಲ್ಲುಜ್ಜುವ ಹೊತ್ತಿಗೆ ದಿನವೂ ಯಾವ ವಾಸನೆ ಜೊತೆಗಿರುವುದೋ ಅದೇ ಶುದ್ಧಿಯ ವಾಸನೆಯಾಗಿ ಮಕ್ಕಳ ಮನಸ್ಸಿನಲ್ಲಿ ನಾಟುವುದು. ನಮ್ಮ ಹುಡುಗನಿಗೆ ಹಲ್ಲಿನ ಪೇಸ್ಟಿನ ಪುದೀನ; ನಮ್ಮ ಹಳೆಯ ಮೈಸೂರಿನ ನಂಟರಿಗೆ 1913ರಲ್ಲಿ ನಂಜನಗೂಡಿನಲ್ಲಿ ಸ್ಥಾಪನೆಯಾದ ಸದ್ವೈದ್ಯಶಾಲೆಯ ಹಲ್ಲುಪುಡಿ; ನಮ್ಮ ಓಣಿಯ ಮುದುಕರಿಗೆ ಬೇವಿನ ಕಡ್ಡಿಯ ಕಹಿ. ಬೇವಿನಲ್ಲಿ ಪರಿಮಳವೆಲ್ಲಿಯದು? ಆದರೂ ಆ ಕಹಿಯಿಲ್ಲದೆ ಬಾಯಿ ತೊಳೆದಂತಾಗದೆಂದು ಅವರು ಹೇಳುವರು.

ಹೀಗೆ ಪಾಂಡಿತ್ಯವನ್ನು ಹೊಳೆಯ ದಡದಲ್ಲಿ ಹರಡಿಕೊಂಡು ಕುಳಿತಿದ್ದಾಗ ಶಿಷ್ಯನು ನಮ್ಮನ್ನು ಹುಡುಕಿಕೊಂಡು ಬಂದನು. ನಲವತ್ತರ ಆಸುಪಾಸಿನವನು, ಮೈ ಇಳಿದಿದ್ದಿತು. ಕಾಲಿಗೆರಗಿ ಎದ್ದು, "ಬರ್ರಿ ಗುರುಗಳೇ, ಊಟಕ್ಕ ಹೊತ್ತಾತು" ಎಂದನು. ಮಾತು ಹಲ್ಲುಗಳ ನಡುವೆ ನುಸುಳಿ ಬಂದಂತಿದ್ದಿತು. ಬಿಸಿಲಿನ ಬಳಲಿಕೆಯೆಂದು ನಾವು ತಿಳಿದೆವು.

ಮನೆಯಲ್ಲಿ ಆದರಕ್ಕೆ ಕೊರತೆಯಿರಲಿಲ್ಲ. ಬಿಸಿಬಿಸಿಯಾದ ಜೋಳದ ರೊಟ್ಟಿ, ಎಣಗಾಯಿ, ಶೇಂಗಾದ ಹಿಂಡಿ, ಗಟ್ಟಿ ಮೊಸರು. ನಮ್ಮ ಹುಡುಗನು ಬೆಂಗಳೂರನ್ನು ಮರೆತು ಉಂಡನು. ಶಿಷ್ಯನ ತಟ್ಟೆಯಲ್ಲಿ ಮಾತ್ರ ರೊಟ್ಟಿಯನ್ನು ನುಚ್ಚುನೂರಾಗಿ ಮುರಿದು ಬೇಳೆಯ ಸಾರಿನಲ್ಲಿ ನೆನೆಸಿತ್ತು, ಖಾರವಿರಲಿಲ್ಲ. ಚಿಕ್ಕ ಚಮಚದಿಂದ ಅದನ್ನು ಬಾಯೊಳಗೆ ತೂರಿಸಿಕೊಳ್ಳುತ್ತಿದ್ದನು. ನಾವು ನೋಡುತ್ತಿರುವುದನ್ನು ಕಂಡು ಅವನು ನಕ್ಕು, ತನ್ನೆರಡು ಬೆರಳುಗಳನ್ನು ಹಲ್ಲುಸಾಲುಗಳ ನಡುವೆ ಇಡಲು ಹೋದನು. ಒಂದೇ ಬೆರಳು ಹಿಡಿಯಿತು. "ಇಷ್ಟಾ ತೆರೀತೈತ್ರಿ ಬಾಯಿ. ಗುಟ್ಕಾದ ಪ್ರಸಾದ" ಎಂದನು.

ಊಟವಾದ ಮೇಲೆ ಅವನ ಹೆಂಡತಿಯು ಬಡೇಸೋಪಿನ ಬಟ್ಟಲನ್ನು ತಂದಿಟ್ಟಳು. ಎಲೆಅಡಿಕೆಯ ತಟ್ಟೆ ಆ ಮನೆಯಲ್ಲಿ ಕಾಣಲಿಲ್ಲ. ಆಕೆ ಒಳಗೆ ಹೋದ ಮೇಲೆ ಈ ಚಟ ಎಂದು ಹತ್ತಿತೆಂದು ನಾವು ಕೇಳಿದೆವು. ಗುರುವಿನ ಅಧಿಕಾರದ ದನಿಯಲ್ಲಿಯೇ ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂಬತ್ತನೇತ್ತ ಇದ್ದಾಗ್ರಿ. ನಿಮಗ ನೆನಪಿಲ್ಲೇನು?" ಎಂದನು.

ನಮಗೆ ನೆನಪಾಯಿತು. 1997ರ ಸುಮಾರಿನ ಮಾತು. ಶಾಲೆಯ ಹಿಂದಿನ ಗೋಡೆಯ ಬಳಿ ಹುಡುಗರು ಬೀಡಿ ಸೇದುವರೆಂಬ ದೂರು ಬಂದಿದ್ದಿತು. ಶ್ಲೋಕವನ್ನೊಪ್ಪಿಸಲು ಬಂದವರನ್ನೆಲ್ಲ ಹತ್ತಿರಕ್ಕೆ ಕರೆದು ಬಾಯಿ ಮೂಸಿನೋಡುವ ವ್ರತವನ್ನು ನಾವು ಹಿಡಿದೆವು. ಸಿಕ್ಕಿದವರಿಗೆ ಬೆತ್ತ. ಒಬ್ಬನ ಬಾಯಿ ಮಾತ್ರ ದಿನವೂ ಯಾಲಕ್ಕಿಯಿಂದಲೂ ಗುಲಾಬಿಯಿಂದಲೂ ಘಮಘಮಿಸುತ್ತಿದ್ದಿತು. ಅವನನ್ನು ಇಡಿಯ ತರಗತಿಯ ಮುಂದೆ ನಿಲ್ಲಿಸಿ, "ಹುಡುಗನೆಂದರೆ ಹೀಗಿರಬೇಕು, ಎಲ್ಲರೂ ಇವನಂತೆ ಬಾಯಿಯನ್ನು ಶುದ್ಧವಾಗಿಟ್ಟುಕೊಂಡು ಬನ್ನಿರಿ" ಎಂದು ಹೊಗಳಿದೆವು. ಅವನು ಬೀಡಿಯ ನಾತವನ್ನು ಮುಚ್ಚಲು ಅಂಗಡಿಯ ಸಿಹಿ ಅಡಿಕೆಯ ಪೊಟ್ಟಣವನ್ನು ಅಗಿದುಬರುತ್ತಿದ್ದನೆಂದು ನಮಗೆ ತಿಳಿಯದು. ಬೀಡಿ ವರ್ಷದೊಳಗೆ ಬಿಟ್ಟುಹೋಯಿತಂತೆ; ಪೊಟ್ಟಣ ಉಳಿಯಿತು. ಸಿಹಿ ಅಡಿಕೆಯಿಂದ ಗುಟ್ಕಾಕ್ಕೆ ದಾರಿ ದೂರವಿಲ್ಲ.

"ನಿಮ್ಮ ತಪ್ಪಲ್ರಿ ಗುರುಗಳೇ. ನಾ ಕಳ್ಳ ಇದ್ದೆ" ಎಂದು ಅವನು ನಮ್ಮನ್ನೇ ಸಮಾಧಾನಪಡಿಸಿದನು. ನಾಲ್ಕು ವರ್ಷದ ಹಿಂದೆ ಎಲ್ಲವನ್ನೂ ಬಿಟ್ಟಿದ್ದಾನೆ. ಕೆನ್ನೆಯ ಒಳಭಾಗ ಬಿಗಿದು ನಾರಿನ ಹಗ್ಗದಂತಾಗಿದೆ. ಇದು ಮುಂದೆ ಅರ್ಬುದಕ್ಕೆ ತಿರುಗಬಹುದಾದ ರೋಗವಾದುದರಿಂದ ಕೆಲವು ತಿಂಗಳಿಗೊಮ್ಮೆ ರಾಯಚೂರಿಗೆ ಬಂದು ತೋರಿಸಿಕೊಂಡು ಹೋಗುವನು. ಇದುವರೆಗೆ ಹಾಗೇನೂ ಆಗಿಲ್ಲ. ಇಷ್ಟನ್ನು ಹೇಳುವಾಗ ಅವನ ದೃಷ್ಟಿ ಅಂಗಳದಲ್ಲಿ ನಮ್ಮ ಮೊಮ್ಮಗನೊಡನೆ ಆಡುತ್ತಿದ್ದ ತನ್ನ ಮಗನ ಮೇಲಿದ್ದಿತು.

ವಾಚಕರೇ, ಅಡಿಕೆಯನ್ನು ಲೋಕದ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 2004ರಲ್ಲಿ, ತಂಬಾಕಿನ ಜೊತೆಯಿಲ್ಲದೆಯೂ, ಅರ್ಬುದಕಾರಕವೆಂದು ಸಾರಿದೆ. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿದರು. ಆಮೇಲೆ ಪರಿಮಳದ ಮಸಾಲೆಯ ಪೊಟ್ಟಣವೊಂದು, ತಂಬಾಕಿನ ಪೊಟ್ಟಣವೊಂದು ಎಂದು ಬೇರೆಬೇರೆಯಾಗಿ ಕೊಂಡು ಬೆರಸಿಕೊಳ್ಳುವ ರೂಢಿ ಬಿದ್ದಿತು. ಆ ಪೊಟ್ಟಣವನ್ನು ಮಾರುವುದು ಯಾವುದು? ಯಾಲಕ್ಕಿ, ಗುಲಾಬಿ, ಮೆಂಥಾಲು. ಎಂದರೆ ನಮ್ಮ ಅಜ್ಜ ಮುತ್ತಜ್ಜಂದಿರು ಶುದ್ಧಿಯೊಂದಿಗೂ ಅತಿಥಿಸತ್ಕಾರದೊಂದಿಗೂ ಕಟ್ಟಿಟ್ಟ ಅದೇ ಕಂಪುಗಳು. ಹಿರಿಯರು ಗಳಿಸಿಟ್ಟ ಒಳ್ಳೆಯ ಹೆಸರನ್ನು ಕಳ್ಳನೊಬ್ಬನು ಹೊತ್ತು ತಿರುಗಿದಂತೆ ಇದು.

ತಿರುಗಿ ಬರುವಾಗ ಬಸ್ಸಿನಲ್ಲಿ ನಮಗೆ ತರ್ಕಸಂಗ್ರಹದ ಪಾಠ ನೆನಪಾಯಿತು. ಹೊಗೆಯಿರುವಲ್ಲಿ ಬೆಂಕಿಯಿದೆಯೆಂದು ಊಹಿಸಬಹುದು; ಬೆಂಕಿಯಿರುವಲ್ಲೆಲ್ಲ ಹೊಗೆಯಿದೆಯೆಂದು ಊಹಿಸಬಾರದು. ಏಕೆಂದರೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಎರಡು ವಸ್ತುಗಳು ಅನೇಕ ಸಲ ಜೊತೆಯಾಗಿ ಕಂಡುವೆಂದ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಸಾಕ್ಷಿಯಾಗದು. ತೊಳೆದ ಬಾಯಿಗೆ ಕಂಪನ್ನಿಡುವುದು ವಾಡಿಕೆ. ಆದುದರಿಂದ ಕಂಪಿರುವ ಬಾಯಿ ತೊಳೆದ ಬಾಯಿಯೆಂದು ನಾವು ತಿಳಿದೆವು. ನಮ್ಮ ಹುಡುಗರಿಗೆ ಹೇತ್ವಾಭಾಸವನ್ನು ಪಾಠಹೇಳಿದ ನಾವೇ ಬೆತ್ತ ಹಿಡಿದು ಆ ದೋಷದಲ್ಲಿ ಬಿದ್ದಿದ್ದೆವು. ಬೆತ್ತದ ಏಟು ತಿಂದವರು ಬಹುಶಃ ನಮ್ಮನ್ನು ಮರೆತಿರಬಹುದು. ಹೊಗಳಿಕೆ ಪಡೆದವನು ಮರೆತಿರಲಿಲ್ಲ.

ಬಾಯಿಯ ದುರ್ಗಂಧದ ಕಾರಣವು ಈಗ ಚೆನ್ನಾಗಿ ತಿಳಿದಿದೆ. ನಾಲಿಗೆಯ ಹಿಂಭಾಗದಲ್ಲಿಯೂ ಒಸಡಿನ ಸಂದಿಯಲ್ಲಿಯೂ ಗಾಳಿ ತಾಕದೆಡೆಯಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಅನ್ನದ ಶೇಷವನ್ನು ಕೊಳೆಯಿಸಿ ಗಂಧಕಯುಕ್ತವಾದ ಅನಿಲಗಳನ್ನು ಹುಟ್ಟಿಸುತ್ತವೆ. ಚರಕನು ನಾಲಿಗೆಯ ಬುಡವನ್ನು ತೋರಿಸಿದ್ದು ಸರಿಯೇ. ಬೆಳ್ಳುಳ್ಳಿಯ ನಾತ ಬೇರೆಯ ಬಗೆ. ಅದು ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಬರುವುದರಿಂದ ಬಾಯಿ ಮುಕ್ಕಳಿಸಿ ಫಲವಿಲ್ಲ. ಹೊತ್ತು ಕಳೆದರೆ ತಾನೇ ಹೋಗುವುದು. ಆದುದರಿಂದ ಮನೆವಂದಿಗರು ಮಕ್ಕಳಿಗೆ ಹಲ್ಲುಜ್ಜಿಸುವಷ್ಟೇ ಶ್ರದ್ಧೆಯಿಂದ ನಾಲಿಗೆಯನ್ನೂ ಕೆರೆಯಿಸಬೇಕು. ಉಂಡ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸುವ ಹಳೆಯ ರೂಢಿಯನ್ನು ಬಿಡಬಾರದು. ಮದುವೆ ಮುಂಜಿಗಳಲ್ಲಿ ಮಕ್ಕಳ ಕೈಗೆ ಸಿಹಿ ಅಡಿಕೆಯ ಪೊಟ್ಟಣವನ್ನು ಕೊಡಬಾರದು, ಬಡೇಸೋಪು ಸಾಕು. ನಾತವು ದಿನವೂ ಉಳಿದರೆ ಅದನ್ನು ಮುಚ್ಚದೆ ವೈದ್ಯರಿಗೆ ತೋರಿಸಬೇಕು.

ಇದರಲ್ಲಿ ಒಂದು ತೊಡಕಿದೆ. ತನ್ನ ಉಸಿರಿಗೆ ತನ್ನ 
ಮೂಗು ಒಗ್ಗಿಹೋಗಿರುವುದರಿಂದ ಯಾರಿಗೂ ತಮ್ಮ ಬಾಯಿಯ ನಾತ ತಿಳಿಯದು. ಹತ್ತಿರದವರು ಹೇಳಬೇಕು, ಹತ್ತಿರದವರೇ ಸಂಕೋಚಪಡುವರು. ನಮ್ಮ ಮನೆಯಾಕೆ ತೀರಿಹೋಗಿ ಆರು ವರ್ಷವಾಯಿತು. ಬೇರಾರು ಹೇಳಿಯಾರು? ರಾಯಚೂರು ಸಮೀಪಿಸಿದಾಗ ನಾವು ಹುಡುಗನನ್ನು ಕೇಳಿದೆವು: "ನಿಜ ಹೇಳಪ್ಪ, ನಮ್ಮ ಬಾಯಿ ಹೇಗಿದೆ?"

ಅವನು ಹತ್ತಿರಕ್ಕೆ ಬಂದು ಮೂಸಿ, ಸ್ವಲ್ಪ ಯೋಚಿಸಿ ಹೇಳಿದನು: "ಲವಂಗದ ವಾಸನೆ ಇದೆ ತಾತಾ. ಅದರ ಹಿಂದೆ ಇನ್ನೊಂದು ವಾಸನೆ ಇದೆ. ನಿಮ್ಮ ಹತ್ತಿರ ಮಲಗಿದಾಗ ದಿನವೂ ಇರುತ್ತೆ."

ದಿನವೂ ಇದ್ದಿತಂತೆ, ಹೇಳಿದರೆ ತಾತನಿಗೆ ಬೇಸರವಾದೀತೆಂದು ಸುಮ್ಮನಿದ್ದನಂತೆ.

ಮರುವಾರ ಹಲ್ಲಿನ ವೈದ್ಯರಲ್ಲಿಗೆ ಹೋದೆವು. ಒಸಡು ಹಲವು ವರ್ಷಗಳಿಂದ ಕೀವುಗಟ್ಟಿ ಎರಡು ದವಡೆಹಲ್ಲುಗಳ ಬೇರನ್ನು ಸಡಿಲಿಸಿದೆಯೆಂದೂ, ಲವಂಗದ ಜೋಮಿನಿಂದ ನೋವು ತಿಳಿಯದೆ ಹೋಗಿರಬಹುದೆಂದೂ ಅವರು ಹೇಳಿದರು. ಎರಡು ಹಲ್ಲುಗಳು ಹೋಗುವುವು, ಉಳಿದವನ್ನು ಉಳಿಸಿಕೊಳ್ಳಬಹುದು. ಹೊರಗೆ ಕುಳಿತಿದ್ದಾಗಲೇ ಒಳಗಿನಿಂದ ನಮಗೆ ಬಹು ಪರಿಚಿತವಾದ ಕಂಪು ಬರುತ್ತಿದ್ದಿತು. ಹುಡುಗನ ಮಾತು ನಿಜವೇ; ಅದು ಲವಂಗದ ಕಂಪು. ತಂದೆಯವರ ಡಬ್ಬಿ ಜೇಬಿನಲ್ಲಿದ್ದಿತು, ಅದನ್ನು ತೆಗೆಯಲಿಲ್ಲ. ಒಳಗೆ ಕರೆದಾಗ ಮೊಮ್ಮಗನು, "ಹೆದರಬೇಡಿ ತಾತಾ, ನಾನಿದ್ದೇನೆ" ಎಂದು ನಮ್ಮ ಕೈ ಹಿಡಿದುಕೊಂಡು ಜೊತೆಗೆ ಬಂದನು.